ಡಬ್ಬ ಹಾಕಿದ ಕುಡಿಕೆ

2024ರ ನವೆಂಬರ್ 12, ಮಂಗಳವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಸವಿತಾ ಬ್ರೇಕ್ ಒತ್ತಿದಳು. ಬಾದಾಮಿ ಸ್ಟೇಷನ್ ರಸ್ತೆಯ ತಿರುವಿನಲ್ಲಿ ಬಣ್ಣ ಬಳಿಯದ ಹೊಸ ಹಂಪೊಂದು, ಆ ಹೊತ್ತಿನ ಮಂಕು ಬೆಳಕಿನಲ್ಲಿ ರಸ್ತೆಯದೇ ಬಣ್ಣವಾಗಿ ಮಲಗಿತ್ತು. ಕಾಣುವ ಹೊತ್ತಿಗೆ ತೀರ ಹತ್ತಿರ ಬಂದಾಗಿತ್ತು. ಕರೆಂಟಿನ ಮೂರು ಗಾಲಿಯ ಟಂಟಂ ಮೂಗು ತಗ್ಗಿಸಿ ನಿಂತಿತು. ಹಿಂದೆ ಕೂತಿದ್ದ ಮೂವರು ಹೆಂಗಸರ ಹಣೆಗಳು ಮುಂದಿನ ಸರಳಿನ ತನಕ ಬಂದು ಹಿಂದಕ್ಕೆ ಹೋದವು. ಅವರ ಕಾಲ ಬಳಿ ಇಟ್ಟಿದ್ದ ಬುಟ್ಟಿಗಳು ಒಂದು ಗೇಣು ಜಾರಿ ಎದುರಿನ ತಗಡಿಗೆ ಬಡಿದವು.

ಸವಿತಾಳ ಅತ್ತೆ ಬೋರವ್ವ ಬಗ್ಗಿ, ಬುಟ್ಟಿಯ ಮೇಲಿನ ಒದ್ದೆ ಅರಿವೆ ಎತ್ತಿ, ಒಂದು ಕುಡಿಕೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಮತ್ತೆ ಇಟ್ಟು ಅರಿವೆ ಮುಚ್ಚಿದಳು.

"ಒದೀತು," ಎಂದಳು.

ಗಾಡಿಯ ಜಗ್ಗಾಟಕ್ಕೆ ಇವರ ಊರು ಕಲ್ಲಹಾಳದ ಹೆಂಗಸರು ಇಟ್ಟ ಹೆಸರು ಅದು. ಹಾಲು ಕರೆಯುವಾಗ ಎಮ್ಮೆ ಒದೆಯುತ್ತದಲ್ಲ, ಹಾಗೆ ಈ ಗಾಡಿ ಹೊರಡುವಾಗಲೂ ಒದೆಯುತ್ತಿತ್ತು, ನಿಲ್ಲುವಾಗಲೂ ಒದೆಯುತ್ತಿತ್ತು. ಬಲಗೈಯ ಹಿಡಿಕೆಯನ್ನು ಕೂದಲೆಳೆಯಷ್ಟು ತಿರುಗಿಸಿದರೆ ಸಾಕು, ಮೋಟರು ಒಮ್ಮೆಗೇ ಎಳೆಯುತ್ತಿತ್ತು. ಬಿಟ್ಟರೆ ಬ್ರೇಕ್ ಮುಟ್ಟುವ ಮೊದಲೇ ಹಿಡಿದು ನಿಲ್ಲಿಸಲು ನೋಡುತ್ತಿತ್ತು. ಡೀಸೆಲ್ ಗಾಡಿಯಂತೆ ಗುಡುಗುಡು ಎನ್ನುತ್ತ ಮೊದಲೇ ಸುಳಿವು ಕೊಡುವ ಸ್ವಭಾವ ಇದಕ್ಕಿರಲಿಲ್ಲ.

ಊರಿನ ಮಹಿಳಾ ಸಂಘ ದೀಪಾವಳಿಗೆ ಮುಂಚೆ ಈ ಗಾಡಿ ತಂದಿತ್ತು. ಬೆಳಗಿನ ಬಸ್ಸಿನ ಹೊತ್ತು ಬದಲಾಗಿ, ಅದು ಬನಶಂಕರಿ ಗುಡಿ ಮುಟ್ಟುವ ವೇಳೆಗೆ ಮೊದಲ ಪೂಜೆಯ ಮಂದಿ ಊಟ ಮುಗಿಸಿ ಹೋಗಿರುತ್ತಿದ್ದರು. ಮೊಸರು ಮಾರುವ ಹೆಂಗಸರಿಗೆ ತಮ್ಮದೇ ಗಾಡಿ ಬೇಕಿತ್ತು. ಸಂಘದಲ್ಲಿ ಲೈಸೆನ್ಸ್ ಇದ್ದವಳು ಸವಿತಾ ಒಬ್ಬಳೇ. ಸಂಘದ ಅಧ್ಯಕ್ಷೆ ಅವಳ ಅತ್ತೆ ಬೋರವ್ವ. ಸೊಸೆಯ ಕೈಗೆ ಚಾವಿ ಕೊಟ್ಟಾಗ ಬೋರವ್ವ ಎಲ್ಲರೆದುರೇ ಹೇಳಿದ್ದಳು: "ನಾ ಕೊಟ್ಟದ್ದು ಸೊಸಿಗಲ್ಲ, ಡ್ರೈವರಗ."

ಬನಶಂಕರಿಯಲ್ಲಿ ಹೊಂಡದ ದಂಡೆಗೆ ಬೇವಿನ ನೆರಳು ಹಿಡಿದು ಹೆಂಗಸರು ಸಾಲಾಗಿ ಕೂತರು. ಬುಟ್ಟಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಮಣ್ಣಿನ ಸಣ್ಣ ಕುಡಿಕೆಗಳಲ್ಲಿ ಹೆಪ್ಪುಗೊಂಡ ಎಮ್ಮೆ ಮೊಸರು. ಬೋರವ್ವನ ಮೊಸರಿಗೆ ಒಂದು ಹೆಸರಿತ್ತು. ಕೊಳ್ಳುವವರು ಕೇಳಿದರೆ ಕುಡಿಕೆಯನ್ನು ಡಬ್ಬ ಹಾಕಿ, ಅಂದರೆ ಬಾಯಿ ಕೆಳಗೆ ಮಾಡಿ, ಅವರ ಅಂಗೈ ಮೇಲೆ ಹಿಡಿದು ತೋರಿಸುತ್ತಿದ್ದಳು. ಮೊಸರು ಬೀಳುತ್ತಿರಲಿಲ್ಲ.

ಗುಳೇದಗುಡ್ಡದ ಕುಪ್ಪಸದ ಕಣದ ವ್ಯಾಪಾರಿ ಸಂಗಯ್ಯ ಮಂಗಳವಾರ, ಶುಕ್ರವಾರ ತಪ್ಪದೆ ಬರುವವರು. ಅವರಿಗೆ ಮೊಸರಿಗಿಂತ ಅದನ್ನು ಡಬ್ಬ ಹಾಕುವುದನ್ನು ನೋಡುವ ಚಟ ಹೆಚ್ಚು.

"ಹೂಂ, ಹಾಕವಾ ಬೋರವ್ವಾ, ನೋಡೂಣು," ಎಂದು ಕೈ ಚಾಚಿದರು.

ಬೋರವ್ವ ಬೇಡ ಎನ್ನಬಹುದಿತ್ತು. ಎನ್ನಲಿಲ್ಲ. ಕುಡಿಕೆ ಎತ್ತಿ ತಿರುವಿದಳು. ಮೊದಲು ಹಸಿರು ನೀರು ಇಳಿಯಿತು, ಆಮೇಲೆ ಇಡೀ ಗಡ್ಡೆ ಜಾರಿ ಸಂಗಯ್ಯನವರ ಬೆರಳ ಸಂದಿಯಿಂದ ಬಿಳಿ ಧೋತರದ ಮೇಲೆ ಬಿತ್ತು.

"ಧೋತರ ತೊಳದ ಕೊಡ್ತೇನ್ರಿ," ಎಂದಳು ಬೋರವ್ವ.

"ಧೋತರದ್ದು ಬಿಡು. ನಿನ್ನ ಕುಡಿಕಿಗೆ ಏನಾತು ಅದನ್ನ ಹೇಳು."

"ಒಡದೈತ್ರಿ. ಇವತ್ತಿಂದು ಎಲ್ಲಾ ಒಡದೈತಿ. ಮಜ್ಜಿಗಿ ಮಾಡಕೊಳ್ಳಾಂಗಿದ್ರ ಒಯ್ರಿ, ಮೊಸರಂತ ಒಯ್ಯಬ್ಯಾಡ್ರಿ."

ಆ ದಿನ ಬಂದವರಿಗೆಲ್ಲ ಅವಳು ಅದನ್ನೇ ಹೇಳಿದಳು. ಪಕ್ಕದಲ್ಲಿ ಕೂತ ಮಾಯವ್ವ ಬಾಯೊಳಗಿನ ಎಲೆ-ಅಡಿಕೆ ಒಂದು ಬದಿಗೆ ಸರಿಸಿ, "ಛಲೋ ಆತು ಬಿಡು. ಇನ್ನ ಬೆಣ್ಣಿ ಕಡ್ಯಾಕ ಕಡಗೋಲ ಬ್ಯಾಡ. ಸವಿತಾನ ಗಾಡ್ಯಾಗ ಗಡಿಗಿ ಇಟ್ಟರ ಸಾಕು, ಬಾದಾಮಿ ಬರೂದ್ರಾಗ ಬೆಣ್ಣಿ ಮ್ಯಾಲ ಬಂದಿರತೈತಿ," ಎಂದಳು. ಎಲ್ಲರೂ ನಕ್ಕರು. ಸವಿತಾಳಿಗೂ ಸ್ವಲ್ಪ ನಗು ಬಂತು, ಮರುಗಳಿಗೆ ಹೋಯಿತು.

ತಿರುಗಿ ಹೊರಡುವಾಗ ಬೋರವ್ವ ಗಾಡಿ ಹತ್ತಲಿಲ್ಲ. ಟಂಟಂ ಸ್ಟ್ಯಾಂಡಿನಲ್ಲಿ ಊರಿನ ಹುಲ್ಲಪ್ಪನ ಡೀಸೆಲ್ ಗಾಡಿ ನಿಂತಿತ್ತು. ಅಲ್ಲಿಗೆ ನಡೆಯುತ್ತ ಸೊಸೆಯ ಕಡೆ ತಿರುಗಿದಳು.

"ಹುಲ್ಲಪ್ಪನ ತಮ್ಮನ ಮಗ ಕರೆಂಟ ಗಾಡಿ ಹೊಡದ ರೂಢಿ ಇದ್ದಾಂವ. ಚಾವಿ ಕೇಳಾಕ ಹತ್ತ್ಯಾನ. ಶುಕ್ರವಾರ ಗೌರಿ ಹುಣ್ಣಿಮಿ, ಅಲ್ಲೀತನಕ ನಾವೆಲ್ಲಾ ಹುಲ್ಲಪ್ಪನ ಗಾಡ್ಯಾಗ. ಅವತ್ತ ಒಂದ ಸಲ ನಿನ್ನ ಗಾಡ್ಯಾಗ ಬರತೇನಿ. ಕುಡಿಕಿ ಡಬ್ಬ ಹಾಕತೇನಿ. ಬಿತ್ತಂದ್ರ ಚಾವಿ ಅಂವಗ."

"ಮೆಲ್ಲಕ ಹೊಡೀತೇನ್ರಿ ಅತ್ತಿ."

"ಮೆಲ್ಲಕ ಹೊಡದ್ರೂ ಒದೀತೈತಿ. ನೋಡೇನಲ್ಲ ನಾ. ನೀ ನನ್ನ ಸೊಸಿ ಅಂತ ಮೊಸರ ಗಟ್ಟಿಯಾಗಿ ನಿಲ್ಲೂದಿಲ್ಲ."

ಅದರಲ್ಲಿ ಸಿಟ್ಟಿರಲಿಲ್ಲ. ಅದೇ ಸವಿತಾಳಿಗೆ ಹೆಚ್ಚು ತಾಗಿತು.

ಅವಳು ಬಾಗಲಕೋಟೆಯಲ್ಲಿ ಬಿ.ಎಸ್ಸಿ. ಓದಿದವಳು. ಮದುವೆಯ ನಂತರ ಅಲ್ಲಿನ ಒಂದು ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಗುತ್ತಿಗೆಯ ಮೇಲೆ ಕೆಲಸ ಮಾಡಿದ್ದಳು. ಪ್ರತಿ ಜೂನ್ ತಿಂಗಳಲ್ಲಿ ಈ ಸಲ ಕರೆಯುತ್ತಾರೋ ಇಲ್ಲವೋ ಎಂದು ಫೋನು ನೋಡುತ್ತ ಕೂರುವುದು ರೂಢಿಯಾಗಿತ್ತು. ಒಂದು ಜೂನಿನಲ್ಲಿ ಕರೆ ಬರಲೇ ಇಲ್ಲ. ಗಂಡ ನಿಂಗರಾಜ ಇಳಕಲ್ಲಿನ ಗ್ರಾನೈಟ್ ಪಾಲಿಶ್ ಘಟಕದಲ್ಲಿದ್ದ. ಘಟಕದ ಹಿಂದಿನ ಒಂದು ಕೋಣೆಯಲ್ಲಿ ವಾಸ. "ಅಲ್ಲೇನ ಮಾಡತಿ, ಇಲ್ಲೇ ಬಾ," ಎಂದು ಫೋನಿನಲ್ಲಿ ಕರೆಯುತ್ತಿದ್ದ. ಹೋದ ಎರಡು ಸಲವೂ ಸವಿತಾ ಬಾಗಿಲು ಮುಚ್ಚಿಕೊಂಡು, ಪಾತ್ರೆಯ ಮೇಲೆ ಕೂರುವ ಕಲ್ಲಿನ ಹುಡಿ ಒರೆಸುತ್ತ ದಿನ ಕಳೆದಿದ್ದಳು. ಅವಳಿಗೆ ಯಾರೂ ಕರೆಯಲು ಕಾಯಬೇಕಿಲ್ಲದ ಒಂದು ಕೆಲಸ ಬೇಕಿತ್ತು. ಈ ಗಾಡಿಯ ಸೀಟು ಸಿಕ್ಕಿತ್ತು. ಚಾವಿ ಹೋದರೆ ಆ ಕೋಣೆಯೇ ಗತಿ.

ಮನೆಗೆ ಬಂದವಳೇ ಮಾರದೆ ಉಳಿದ ಕುಡಿಕೆಗಳನ್ನು ಹಿತ್ತಲ ಕಟ್ಟೆಯ ಮೇಲೆ ಇಟ್ಟಳು. ಕುರಿಗಳಿಗೆ ಔಷಧ ಕುಡಿಸಲು ತಂದಿದ್ದ ಸೂಜಿಯಿಲ್ಲದ ಸಿರಿಂಜ್‌ಗಳಲ್ಲಿ ಹೊಸದೊಂದಿತ್ತು. ಅದರ ತುದಿಯನ್ನು ಮೊಸರಿನ ಬಿರುಕಿಗೆ ಇಳಿಸಿ, ಬಿಟ್ಟುಕೊಂಡ ನೀರನ್ನು ಎಳೆದು ಅಳೆದಳು. ಬೆಳಗಿನ ಕುಡಿಕೆಯಲ್ಲಿ ಹದಿನೆಂಟು ಮಿಲಿಲೀಟರ್. ಗಾಡಿಯನ್ನೇ ಹತ್ತದೆ ಅಡಿಗೆ ಮನೆಯ ಮೂಲೆಯಲ್ಲಿ ಕೂತಿದ್ದ ಕುಡಿಕೆಯಲ್ಲಿ ಎರಡು. ಹೆಪ್ಪು ಒಂದೇ, ಹಾಲು ಒಂದೇ, ಮಣ್ಣೂ ಒಂದೇ ಕುಂಬಾರನದು. ನಡುವೆ ಇದ್ದದ್ದು ರಸ್ತೆ ಮಾತ್ರ.

ಪ್ರಯೋಗಾಲಯದಲ್ಲಿ ಅವಳು ಮೇಜಿನ ಮೇಲೆ ಲೋಟ, ಲೋಟದ ಮೇಲೆ ರಟ್ಟು, ರಟ್ಟಿನ ಮೇಲೆ ನಾಣ್ಯ ಇಟ್ಟು ಕೊಡುತ್ತಿದ್ದಳು. ವಿದ್ಯಾರ್ಥಿಗಳು ರಟ್ಟನ್ನು ಬೆರಳಿನಿಂದ ಚಿಮ್ಮುತ್ತಿದ್ದರು. ರಟ್ಟು ಹಾರಿಹೋಗಿ ನಾಣ್ಯ ಲೋಟದೊಳಗೆ ಬೀಳುತ್ತಿತ್ತು. ಜಡತ್ವ ಎಂದು ಬರೆದುಕೊಳ್ಳುತ್ತಿದ್ದರು. ನಿಂತದ್ದು ನಿಂತೇ ಇರಲು ನೋಡುತ್ತದೆ, ಸಾಗುತ್ತಿರುವುದು ಸಾಗುತ್ತಲೇ ಇರಲು ನೋಡುತ್ತದೆ. ಗಾಡಿ ನಿಂತಾಗ ಕುಡಿಕೆ ನಿಂತಿತು. ಒಳಗಿನ ಮೊಸರು ಇನ್ನೂ ಬನಶಂಕರಿಗೆ ಹೊರಟೇ ಇತ್ತು. ಕುಡಿಕೆಯ ಗೋಡೆಯಿಂದ ಅದು ಬಿಡಿಸಿಕೊಂಡ ಜಾಗದಲ್ಲಿ ನೀರು ತುಂಬಿತ್ತು.

ಇಷ್ಟು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಮರುದಿನ ತಪ್ಪು ಮಾಡಿದಳು.

ಕಲ್ಲಹಾಳದಲ್ಲಿ ತಲೆಮಾರುಗಳಿಂದ ಕುಡಿಕೆ ಕಟ್ಟುವ ರೀತಿ ಒಂದೇ: ಒಂದಕ್ಕೊಂದು ಒತ್ತಿ, ಸಂದಿಗೆ ಒದ್ದೆ ಅರಿವೆ ತುರುಕುವುದು. ಅಲುಗದಿದ್ದರೆ ಒಡೆಯುವುದಿಲ್ಲ ಎಂಬ ನಂಬಿಕೆ. ಸವಿತಾ ಅದನ್ನೇ ಇನ್ನಷ್ಟು ಬಿಗಿ ಮಾಡಿದಳು. ಬುಟ್ಟಿಯ ಸಂದಿಗೆಲ್ಲ ಜೋಳದ ಹೊಟ್ಟು ತುಂಬಿ ತಟ್ಟಿ, ಬುಟ್ಟಿಯನ್ನು ಹಗ್ಗದಿಂದ ಗಾಡಿಯ ಸರಳಿಗೆ ಬಿಗಿದಳು. ಯಾರನ್ನೂ ಹತ್ತಿಸದೆ ಗಾಡಿ ಓಡಿಸಿ, ಅದೇ ಹಂಪಿನ ಮುಂದೆ ಅದೇ ರೀತಿ ಬ್ರೇಕ್ ಹಾಕಿ, ಮನೆಗೆ ಬಂದು ಅಳೆದಳು. ಇಪ್ಪತ್ತೊಂದು.

ಸಿರಿಂಜ್ ಹಿಡಿದುಕೊಂಡೇ ಕಟ್ಟೆಯ ಮೇಲೆ ಕೂತಳು. ಕುಡಿಕೆ ಗಾಡಿಗೆ ಬಿಗಿಯಾದಷ್ಟೂ ಗಾಡಿಯ ಒದೆತ ಸೋರದೆ ಕುಡಿಕೆಗೇ ಬಂದಿತ್ತು. ಹಗ್ಗ ಬಿಗಿದದ್ದು ಮಣ್ಣನ್ನು. ಮೊಸರಿಗೆ ಯಾವ ಹಗ್ಗವೂ ಇರಲಿಲ್ಲ.

ಸಂಜೆ ಅಡಿಗೆ ಮನೆಯ ಸೂರಿಗೆ ತೂಗುತ್ತಿದ್ದ ನೆಲುವನ್ನು ಬಿಚ್ಚಿ ತಂದು ಗಾಡಿಯ ಮೇಲಿನ ಸರಳಿಗೆ ಕಟ್ಟಿದಳು. ಬೆಕ್ಕಿಗೆ ಎಟುಕದಂತೆ ಬೆಣ್ಣೆಯ ಗಡಿಗೆ ತೂಗುಹಾಕುವ ಹಗ್ಗದ ಜೋಲಿ ಅದು. ತೂಗುವ ಪಾತ್ರೆ ಗಾಡಿ ನಿಂತಾಗ ತಾನು ಮುಂದಕ್ಕೆ ತೂಗಿಕೊಳ್ಳುತ್ತದೆ, ಒಳಗಿನದು ತಳಕ್ಕೆ ಒತ್ತಿಕೊಂಡೇ ಇರುತ್ತದೆ. ಲೆಕ್ಕ ಸರಿಯಿತ್ತು, ಒಂದು ಕುಡಿಕೆಯನ್ನು ಅದರಲ್ಲಿ ಇಟ್ಟಳು. ಅಷ್ಟರಲ್ಲಿ ಲಾಲಬಿ ಬಂದಳು. ಹೊಂಡದ ದಂಡೆಯಲ್ಲಿ ರೊಟ್ಟಿ ಮಾರುವ ಮೂವರಲ್ಲಿ ಒಬ್ಬಳು, ಸವಿತಾಳಿಗಿಂತ ಹತ್ತು ವರ್ಷಕ್ಕೆ ಹಿರಿಯಳು. ಸ್ಟೇಷನ್ನಿಗೆ ತಂಗಿಯನ್ನು ಕರೆಯಲು ಹೋಗಬೇಕಿತ್ತು.

"ಏನವಾ ಇದು, ಗಾಡ್ಯಾಗ ತೊಟ್ಟಲಾ ಕಟ್ಟೀಯಲ್ಲ? ಯಾರದು ಹೆಸರಿಡೂದೈತಿ?"

"ಮೊಸರಿಂದು. ಹತ್ತ ಅಕ್ಕಾ. ಇನ್ನೊಂದ ಕುಡಿಕಿ ಉಳದೈತಿ, ತೊಡಿ ಮ್ಯಾಲ ಇಟಕೋ."

ಹಂಪಿನ ಬಳಿ ಬ್ರೇಕ್ ಬಿತ್ತು. ನೆಲುವು ಚೆಂದವಾಗಿ ಮುಂದಕ್ಕೆ ತೂಗಿತು. ಆಮೇಲೆ ಚೆಂದವಾಗಿಯೇ ಹಿಂದಕ್ಕೆ ಬಂದು, ಪಕ್ಕದ ಸರಳಿಗೆ ಬಡಿದು, ಕುಡಿಕೆ ಎರಡು ಹೋಳಾಯಿತು. ಮೊಸರು ಲಾಲಬಿಯ ಹೆಗಲಿನಿಂದ ಮೊಣಕೈವರೆಗೆ ಇಳಿಯಿತು.

ಲಾಲಬಿ ತನ್ನ ತೋಳು ನೋಡಿಕೊಂಡಳು. ಬೆರಳಿನಿಂದ ತೆಗೆದು ನಾಲಿಗೆಗೆ ಹಚ್ಚಿದಳು. "ಹೆಪ್ಪ ಛಲೋ ಬಿದ್ದೈತಿ," ಎಂದಳು. "ನಮ್ಮ ತಂಗಿ ಆರ ತಿಂಗಳಿಗೆ ಬರಾಕ ಹತ್ತ್ಯಾಳ. ಅಕ್ಕಾ ಮೊಸರಾಗ ಜಳಕಾ ಮಾಡಿ ಕರಿಯಾಕ ಬಂದಾಳ ಅಂತ ಊರಾಗ ಹೇಳತಾಳ ನೋಡು."

"ತಪ್ಪಾತು ಅಕ್ಕಾ."

"ತಪ್ಪ ಒಗದ ಹಾಕ್ತೇನಿ, ಅರಿವಿ ಜೋಡಿ. ಇದನ್ನ ಹಿಡಿ." ತೊಡೆಯ ಮೇಲಿದ್ದ ಇನ್ನೊಂದು ಕುಡಿಕೆಯನ್ನು ಚಾಚಿದಳು.

ಸವಿತಾ ಅದನ್ನು ಬೀದಿದೀಪದ ಬೆಳಕಿಗೆ ಹಿಡಿದಳು. ಕೆನೆ ಅಂಚಿನಿಂದ ಅಂಚಿಗೆ ಅಂಟಿಕೊಂಡೇ ಇತ್ತು. ಅದೇ ಗಾಡಿ, ಅದೇ ಹಂಪು. ಲಾಲಬಿಯ ತೊಡೆ, ಸೊಂಟ, ಸರಳು ಹಿಡಿದ ಕೈ, ಎಲ್ಲ ಸ್ವಲ್ಪ ಸ್ವಲ್ಪ ಬಗ್ಗಿ ಬಗ್ಗಿ ಆ ಒದೆತವನ್ನು ತಡವಾಗಿ ಕುಡಿಕೆಗೆ ಮುಟ್ಟಿಸಿದ್ದವು. ಹಾಗಂತ ಪ್ರತಿ ಕುಡಿಕೆಗೂ ಒಂದು ತೊಡೆ ಎಲ್ಲಿಂದ ತರುವುದು?

ಗುರುವಾರ ಬೆಳಿಗ್ಗೆ ಎಮ್ಮೆ ಕರೆಯುವ ಪಾಳಿ ಸವಿತಾಳದು. ತಂಬಿಗೆ ಹಿಡಿದು ಕೊಟ್ಟಿಗೆಗೆ ಹೋದಳು. ಎಮ್ಮೆಯ ಬೆನ್ನಿನ ಮೇಲೆ ಅಂಗೈ ಇಟ್ಟಳು. ಚರ್ಮ ಒಮ್ಮೆ ನಡುಗಿ ಸುಮ್ಮನಾಯಿತು. ಕೈಯನ್ನು ಪಕ್ಕೆಯ ಮೇಲೆ ಜಾರಿಸುತ್ತ, ಭಾರ ಬಿಡುತ್ತ ಕೂತಳು. ಈ ಮನೆಗೆ ಬಂದ ಹೊಸದರಲ್ಲಿ ಇದೇ ಎಮ್ಮೆ ಅವಳನ್ನು ತಂಬಿಗೆ ಸಮೇತ ಗೋಡೆಗೆ ಒದ್ದಿತ್ತು. ಹಿಂದಿನಿಂದ ಬಂದು ಒಮ್ಮೆಗೇ ಕೆಚ್ಚಲಿಗೆ ಕೈ ಹಾಕಿದ್ದಳು. ಈಗ ಮೊದಲು ಮುಟ್ಟುವುದು, ಆಮೇಲೆ ಹಿಂಡುವುದು ಯೋಚಿಸದೆ ನಡೆಯುತ್ತಿತ್ತು. ಹಿಂಡುವ ಬಿಗಿ ಅಂದಿಗೂ ಇಂದಿಗೂ ಒಂದೇ. ಬೇರೆಯಾದದ್ದು ಆ ಬಿಗಿ ಬರುವ ರೀತಿ.

ತಂಬಿಗೆ ಅರ್ಧ ತುಂಬಿತ್ತು. ಬ್ರೇಕ್ ಒತ್ತುವ ಅವಳ ಬಲಗಾಲು ನೆಲದ ಮೇಲೆ, ಸಗಣಿಯ ಪಕ್ಕದಲ್ಲಿ, ತನ್ನಷ್ಟಕ್ಕೆ ಮೆಲ್ಲಗೆ ಕೆಳಗೊತ್ತಿತು.

ಆ ದಿನವೆಲ್ಲ ಅವಳು ಊರ ಹಿಂದಿನ ಹೊಲದ ದಾರಿಯಲ್ಲಿ ಗಾಡಿ ಓಡಿಸಿದಳು. ಕಾಲ ಬಳಿ ಒಂದು ಕುಡಿಕೆ. ಬ್ರೇಕಿನ ಮೇಲೆ ಪಾದ ಇಡುವುದು, ಗಾಡಿಗೆ ಗೊತ್ತಾಗುವಷ್ಟು ಮಾತ್ರ. ಆಮೇಲೆ ಭಾರ ಬಿಡುವುದು. ಬೇಕಾದರೆ ಇಡೀ ದೇಹದ ಭಾರ. ಗಾಡಿ ನಿಲ್ಲುವ ಮುಂಚಿನ ಕೊನೆಯ ಗಳಿಗೆಯಲ್ಲಿ ಪಾದವನ್ನು ಸ್ವಲ್ಪ ಹಿಂತೆಗೆಯುವುದು. ಇದು ಗೊತ್ತಾಗಲು ಬಹಳ ಹೊತ್ತು ಹಿಡಿಯಿತು: ಕುಡಿಕೆಯನ್ನು ಹೆಚ್ಚು ಕೆಡಿಸುತ್ತಿದ್ದದ್ದು ಆ ಕೊನೆಯ ಜಗ್ಗು. ಹಿಡಿಕೆಯನ್ನೂ ಹಾಗೇ ಬಿಡಬೇಕು, ಮಲಗಿದ ಕೂಸಿನ ತಲೆಯಡಿಯಿಂದ ಕೈ ತೆಗೆದ ಹಾಗೆ. ವೇಗ ಕಡಿಮೆ ಮಾಡಿ ನೋಡಿದಳು, ಹೆಚ್ಚು ಮಾಡಿ ನೋಡಿದಳು; ಅತ್ತೆ ಹೇಳಿದ್ದು ನಿಜವಿತ್ತು, ಮೆಲ್ಲಗೆ ಹೋದರೂ ಕಾಲು ಒರಟಾದರೆ ಒದೆಯುತ್ತಿತ್ತು.

ಬದುವಿನ ಮೇಲೆ ಹುಲ್ಲಪ್ಪ ತನ್ನ ಗಾಡಿ ನಿಲ್ಲಿಸಿ ಬೀಡಿ ಹಚ್ಚಿಕೊಂಡು ನೋಡುತ್ತಿದ್ದ.

"ಏನ ತಂಗಿ, ಹೊಲಾ ಹೊಡ್ಯಾಕ ಹತ್ತೀಯೇನ? ಬೆಳಿಗ್ಗಿಂದ ಅಲ್ಲೇ ಹೋಗತಿ, ಅಲ್ಲೇ ನಿಲ್ಲತಿ."

"ನಿಲ್ಲೂದನ್ನ ಕಲ್ಯಾಕ ಹತ್ತೀನ್ರಿ ಕಾಕಾ."

"ನಮ್ಮ ತಮ್ಮನ ಮಗಾ ನಾಳೆ ಬನಶಂಕರಿಗೇ ಬರತಾನಂತ. ಚಾವಿ ತಗೊಳ್ಳಾಕ ಹೊಸಾ ಅಂಗಿ ಹಾಕ್ಕೊಂಡ ಬರತಾನ."

"ಬರಲಿರಿ. ಹುಣ್ಣಿಮಿ ಐತಿ, ದೇವರ ದರ್ಶನಾನೂ ಆಗತೈತಿ."

ಹುಲ್ಲಪ್ಪ ನಕ್ಕು ಹೊಗೆ ಬಿಟ್ಟ. ಸ್ವಲ್ಪ ಹೊತ್ತಿನ ಮೇಲೆ, "ಎಡಗಡಿ ಹಿಂದಿನ ಗಾಲ್ಯಾಗ ಗಾಳಿ ಹೆಚ್ಚ ಐತಿ ನೋಡ," ಎಂದು ಹೇಳಿ ಹೊರಟುಹೋದ. ಸವಿತಾ ಇಳಿದು ಗಾಲಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಕಲ್ಲಿನಂತಿತ್ತು. ಸ್ವಲ್ಪ ಗಾಳಿ ಬಿಟ್ಟಳು.

ಶುಕ್ರವಾರ ಗೌರಿ ಹುಣ್ಣಿಮೆ. ಇನ್ನೂ ಕತ್ತಲು ಕರಗುತ್ತಿರುವಾಗ ಬೋರವ್ವ ಬುಟ್ಟಿ ಹೊತ್ತು ಬಂದಳು. ಹಿಂದೆ ಮಾಯವ್ವ, ಲಾಲಬಿ. ಸವಿತಾ ಬುಟ್ಟಿಗಳ ಸಂದಿಯ ಅರಿವೆಗಳನ್ನು ಸಡಿಲ ಮಾಡಿದಳು. ಮಾಯವ್ವ ಹುಬ್ಬೇರಿಸಿದಳು. ಬೋರವ್ವ ತಲೆಯ ಮೇಲಿನ ಸಿಂಬಿ ತೆಗೆದು ಕೈಯಲ್ಲಿ ಹಿಡಿದು ಒಂದು ಗಳಿಗೆ ನಿಂತಳು. ಹಳೆಯ ಇಳಕಲ್ ಸೀರೆಯನ್ನು ಹೊಸೆದು ಸುತ್ತಿದ ಬಟ್ಟೆಯ ಬಳೆ ಅದು. ಹೊತ್ತ ಭಾರ ನೆತ್ತಿಗೆ ತಾಗದಂತೆ ನಡುವೆ ಇಡುವುದು. ಅದನ್ನು ಗಾಡಿಯ ತಗಡಿನ ಮೇಲೆ ಇಟ್ಟು, ಅದರ ಮೇಲೆ ತನ್ನ ಬುಟ್ಟಿ ಇಟ್ಟಳು. ಉಳಿದಿಬ್ಬರೂ ತಮ್ಮ ಸಿಂಬಿ ತೆಗೆದರು.

"ಅತ್ತಿ, ಅದು…"

"ನಡಿ, ಹೊತ್ತಾತು."

ಗಾಡಿ ಹೊರಟದ್ದು ಮಾಯವ್ವನಿಗೆ ಗೊತ್ತಾಗಲಿಲ್ಲ, ಬೇಲಿ ಹಿಂದಕ್ಕೆ ಸರಿಯುವುದನ್ನು ನೋಡಿ, "ಹೊಂಟೈತೇನು?" ಎಂದು ಕೇಳಿದಳು. ಹಂಪು ಎಲ್ಲಿದೆ ಎಂದು ಈಗ ದೂರದಿಂದಲೇ ಗೊತ್ತಿತ್ತು. ಸವಿತಾ ಹಿಡಿಕೆಯನ್ನು ಬಿಡುತ್ತ ಬಿಡುತ್ತ ಬಂದು, ಪಾದ ಇಟ್ಟು, ಭಾರ ಬಿಟ್ಟು, ದಾಟಿದಳು. ಕನ್ನಡಿಯಲ್ಲಿ ಹುಲ್ಲಪ್ಪನ ಡೀಸೆಲ್ ಗಾಡಿ ಹೊಗೆ ಬಿಡುತ್ತ ಬರುವುದು ಕಾಣುತ್ತಿತ್ತು.

ಬಾದಾಮಿ ಬಸ್ ಸ್ಟ್ಯಾಂಡಿನ ಮುಂದೆ ಹುಣ್ಣಿಮೆಯ ಸಂತೆ ಶುರುವಾಗಿತ್ತು. ಸಕ್ಕರೆ ಗೊಂಬೆಗಳ ಅಂಗಡಿ, ಹೂವು, ಬಾಳೆಕಂಬ. ನಿಂತ ಲಾರಿಯ ಹಿಂದಿನಿಂದ ಒಬ್ಬ ಹೆಂಗಸು ತಲೆಯ ಮೇಲೆ ಸಕ್ಕರೆ ಗೊಂಬೆಯ ದೊಡ್ಡ ತಾಟು ಹೊತ್ತು, ಎರಡೂ ಕೈ ತಾಟಿಗೆ ಕೊಟ್ಟು, ನೇರ ರಸ್ತೆಗೆ ಇಳಿದಳು.

ಈಗ ಮೆಲ್ಲಗೆ ನಿಲ್ಲುವಷ್ಟು ದೂರ ಇರಲಿಲ್ಲ. ಕುಡಿಕೆಯ ನೆನಪು ಸವಿತಾಳಿಗೆ ಬರಲೇ ಇಲ್ಲ. ಪಾದ ಬ್ರೇಕನ್ನು ಮುಟ್ಟಿತು. ಮುಟ್ಟಿದ ಮೇಲೆ ಸೊಂಟ, ಬೆನ್ನು, ಹೆಗಲು ಎಲ್ಲದರ ಭಾರ ಅದರ ಮೇಲೆ ಇಳಿಯಿತು. ಗಾಡಿ ನೆಲಕ್ಕೆ ಕುಗ್ಗಿದಂತಾಗಿ ಎದುರಿನ ಗಾಜಿನ ತುಂಬ ಆ ಹೆಂಗಸಿನ ಹಸಿರು ಸೀರೆ ಬಂತು. ಕೊನೆಯಲ್ಲಿ ಪಾದ ತಾನಾಗಿ ಹಿಂದೆ ಸರಿಯಿತು. ಗಾಡಿ ನಿಂತಿತು.

ಹೆಂಗಸು ಕತ್ತು ತಿರುಗಿಸದೆ ಕಣ್ಣು ಮಾತ್ರ ತಿರುಗಿಸಿ ನೋಡಿದಳು. ತಾಟಿನಲ್ಲಿ ಒಂದು ಸಕ್ಕರೆ ಕುದುರೆ ಬಾಗಿ, ಬೀಳುವ ಹಾಗೆ ಮಾಡಿ, ಪಕ್ಕದ ತೇರಿಗೆ ಒರಗಿ ನಿಂತಿತು. ಅವಳು ದಾಟಿಹೋದಳು. ಹಿಂದಿನಿಂದ ಹುಲ್ಲಪ್ಪನ ಬ್ರೇಕ್ ಕಿರುಗುಟ್ಟಿದ್ದು ಕೇಳಿಸಿತು.

ಸವಿತಾ ತಿರುಗಿ ನೋಡಿದಳು. ಮೂವರ ಕೈಗಳೂ ಮೂರು ಬುಟ್ಟಿಗಳ ಮೇಲಿದ್ದವು. ಅರಿವೆ ಯಾರೂ ಎತ್ತಲಿಲ್ಲ.

"ನೋಡ್ರಿ ಅತ್ತಿ, ಒಂದ ಸಲ ತಗದ ನೋಡ್ರಿ."

"ಅಲ್ಲೇ ನೋಡೂಣು," ಎಂದಳು ಬೋರವ್ವ. "ಆಕಿ ತಾಟ ನೋಡೀಯಿಲ್ಲ? ಒಂದ ಗೊಂಬಿ ಬೀಳಲಿಲ್ಲ. ನಡಿ."

ಹೊಂಡದ ದಂಡೆಯಲ್ಲಿ ಮಂದಿ ಆಗಲೇ ಸೇರಿತ್ತು. ಬೋರವ್ವ ಬೇವಿನ ನೆರಳಿಗೆ ಕೂತು, ರೊಟ್ಟಿ ಇಡುವ ಪರಾತವನ್ನು ಮುಂದೆ ಇಟ್ಟುಕೊಂಡಳು. ಸೊಸೆಯ ಕಡೆ ಅಂಗೈ ಚಾಚಿದಳು. ಸವಿತಾ ಚಾವಿ ಕೊಟ್ಟಳು. ಬೋರವ್ವ ಅದನ್ನು ಖಾಲಿ ಪರಾತದ ನಡುವೆ ಇಟ್ಟಳು, ಎಲ್ಲರಿಗೂ ಕಾಣುವ ಹಾಗೆ. ಸ್ವಲ್ಪ ದೂರದಲ್ಲಿ ಹುಲ್ಲಪ್ಪ, ಅವನ ಪಕ್ಕದಲ್ಲಿ ಇಸ್ತ್ರಿಯ ಗೆರೆ ಮಾಸದ ಅಂಗಿ ತೊಟ್ಟ ತಮ್ಮನ ಮಗ ಬಂದು ನಿಂತರು.

ಸಂಗಯ್ಯನವರು ಬಂದರು. ಧೋತರದ ಚುಂಗನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಮೂರು ಮಾರು ಆಚೆಗೇ ನಿಂತರು.

"ಹತ್ರ ಬರ್ರಿ ಸಂಗಯ್ಯಾರ."

"ಬ್ಯಾಡವಾ. ನಾ ಇಲ್ಲಿಂದನ ನೋಡತೇನಿ. ಇದು ಹಬ್ಬದ ಧೋತರ."

"ಕೈ ಚಾಚ್ರಿ ಅಂದ್ನಿ."

ಅವರು ಬಂದು, ದೇಹವನ್ನೆಲ್ಲ ಹಿಂದಕ್ಕೆ ಇಟ್ಟುಕೊಂಡು ಕೈಯೊಂದನ್ನೇ ಮುಂದೆ ಚಾಚಿದರು. ಬೋರವ್ವ ಅರಿವೆ ಎತ್ತಿದಳು. ಯಾವ ಕುಡಿಕೆಯನ್ನೂ ಇಣುಕಿ ನೋಡಲಿಲ್ಲ. ಕೈಗೆ ಸಿಕ್ಕಿದ್ದನ್ನು ಎತ್ತಿ ಡಬ್ಬ ಹಾಕಿದಳು.

ಕುಡಿಕೆಯ ಅಂಚಿನಿಂದ ಒಂದು ಹನಿ ಇಳಿದು ಸಂಗಯ್ಯನವರ ಅಂಗೈಯ ಗೆರೆಯಲ್ಲಿ ಕೂತಿತು. ಎಲ್ಲರೂ ಕಾದರು. ಮತ್ತೇನೂ ಬರಲಿಲ್ಲ.

ಬೋರವ್ವ ಕುಡಿಕೆಯನ್ನು ತಿರುವಿ ಅವರ ಕೈಗೆ ಇಟ್ಟು, ಇನ್ನೊಂದು ಎತ್ತಿದಳು. ಅದನ್ನೂ ಡಬ್ಬ ಹಾಕಿದಳು. ಆಮೇಲೆ ಮತ್ತೊಂದು. ಕೊಳ್ಳುವವರು ಕೇಳದಿದ್ದರೂ ಹಾಕಿದಳು. ಮಾಯವ್ವ ತನ್ನದನ್ನೂ ಒಂದು ತಿರುವಿ ನೋಡಿ, "ಅಯ್ಯ, ನಂದೂ ನಿಂತೈತಿ. ಮನ್ಯಾಗ ನಿಲ್ಲದ್ದು ಇಲ್ಲಿ ನಿಂತೈತಲ್ಲ," ಎಂದಳು. ಹುಲ್ಲಪ್ಪನ ತಮ್ಮನ ಮಗ ಯಾವಾಗ ಹೊರಟುಹೋದ ಎಂದು ಯಾರೂ ಗಮನಿಸಲಿಲ್ಲ. ಹುಲ್ಲಪ್ಪ ಮಾತ್ರ ಅಲ್ಲೇ ನಿಂತು ಒಂದು ಕುಡಿಕೆ ಮೊಸರು ರೊಟ್ಟಿಯೊಡನೆ ತಿಂದ.

ಹೊತ್ತೇರಿದಾಗ ಬುಟ್ಟಿ ಬರಿದಾಯಿತು. ಒಂದು ಕುಡಿಕೆ ಮಾತ್ರ ಉಳಿದಿತ್ತು, ಒದೆತ ಮೊದಲು ತಾಗುವ, ಗಾಡಿಯ ಮುಂದಿನ ತಗಡಿನ ಕಡೆಗಿದ್ದ ಮೂಲೆಯದು. ಇಬ್ಬರು ಗಿರಾಕಿಗಳು ಕೇಳಿದರೂ ಬೋರವ್ವ ಅದನ್ನು ಕೊಟ್ಟಿರಲಿಲ್ಲ. ಪರಾತದಲ್ಲಿ ಬಿದ್ದಿದ್ದ ಚಾವಿಗೆ ರೊಟ್ಟಿಯ ಹಿಟ್ಟು ಮೆತ್ತಿತ್ತು. ಅದನ್ನು ಸೆರಗಿನಿಂದ ಒರೆಸಿ, ಕುಡಿಕೆಯ ಪಕ್ಕದಲ್ಲಿ ಇಟ್ಟು, ಬುಟ್ಟಿಯನ್ನು ಸೊಸೆಯ ಕಡೆ ಸರಿಸಿದಳು. ಸಂಚಿ ಬಿಚ್ಚಿ ಎಲೆಗೆ ಸುಣ್ಣ ಹಚ್ಚತೊಡಗಿದಳು.

"ಆ ಸಿರಿಂಜ ತಂದೀಯಿಲ್ಲ?" ಎಂದಳು, ಎಲೆಯನ್ನೇ ನೋಡುತ್ತ.

ಸವಿತಾ ಸೀಟಿನ ಕೆಳಗಿನಿಂದ ಸಿರಿಂಜ್ ತಂದಳು. ಮೊಣಕಾಲೂರಿ ಕೂತು, ಕೆನೆಯ ಅಂಚಿನಲ್ಲಿ ತುದಿ ಇಳಿಸಿ, ಮೆಲ್ಲಗೆ ಎಳೆದಳು. ಇನ್ನು ಬರುವುದಿಲ್ಲ ಎನ್ನುವವರೆಗೆ ಎಳೆದು ಬಿಸಿಲಿಗೆ ಎತ್ತಿ ಹಿಡಿದಳು. ಹೊಂಡದ ನೀರಿನ ಬಣ್ಣದ ಮೊಸರ ನೀರು ಗಾಳಿಗುಳ್ಳೆಯೊಂದನ್ನು ಮೇಲಕ್ಕೆ ಬಿಟ್ಟು ಗೆರೆಯ ಮೇಲೆ ನಿಂತಿತು.

"ಎಷ್ಟು?"

"ಮೂರು ಮಿಲಿಲೀಟರ್."